ಗ್ರೀಕರ ಬಾಯಲ್ಲಿ ಹೀಬ್ರೂ ಹೆಸರು

ಬೈಬಲಿನ, ಗ್ರೀಕಿನಲ್ಲಿ ಬರೆದ, ಹೊಸ ಒಡಂಬಡಿಕೆಯ ಮೊದಲ ಪುಟದಲ್ಲಿರುವುದು ಹೆಸರುಗಳ ಸಾಲು. ಅಬ್ರಹಾಮನು ಇಸಾಕನನ್ನು ಪಡೆದನು, ಇಸಾಕನು ಯಾಕೋಬನನ್ನು ಪಡೆದನು ಎಂದು ಸಾಗುವ, ಮತ್ತಾಯನು ಬರೆದ ಯೇಸುವಿನ ಆ ವಂಶಾವಳಿಯನ್ನು, ಲಗ್ನಪತ್ರಿಕೆಯ ಕೊನೆಯ ‘ಸುಖಾಗಮನ ಬಯಸುವವರು’ ಪಟ್ಟಿಯನ್ನು ಹಾರಿಸುವಂತೆ, ಬಹಳ ಮಂದಿ ಹಾರಿಸಿಬಿಡುತ್ತಾರೆ. ನಾನೂ ಹಾರಿಸುತ್ತಿದ್ದೆ. ಈ ಹೀಬ್ರೂ ಹೆಸರುಗಳು ಗ್ರೀಕರ ಬಾಯಲ್ಲಿ ಏನಾದವು ಎಂಬ ಕುತೂಹಲ ಹತ್ತಿದ ಮೇಲೆ ಅಲ್ಲೇ ನಿಂತುಬಿಡುವುದು ಅಭ್ಯಾಸವಾಗಿದೆ.

ಗ್ರೀಕ್ ಲಿಪಿಯಲ್ಲಿ ಶಕಾರಕ್ಕೆ ಅಕ್ಷರವಿಲ್ಲ, ಪದದ ನಡುವೆ ಬರುವ ಹಕಾರಕ್ಕೂ ಇಲ್ಲ. ಹೀಗಾಗಿ ಶೆಲೊಮೊ ‘ಸೊಲೊಮೋನ್’ ಆದ, ಯೆಹೂದಾ ‘ಇಯೂದಾಸ್’ ಆದ. ‘ಹಾಲು’ ಎಂಬುದನ್ನು ‘ಆಲು’ ಎನ್ನುವವರ ನಡುವೆ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ನಿಜವಾದ ಪೇಚಾಟವೆಲ್ಲ ‘ಅಯಿನ್’ ಎಂಬ ಹೀಬ್ರೂ ಅಕ್ಷರದ್ದು. ಗಂಟಲಿನ ಆಳದಿಂದ ಹೊರಡುವ ಆ ವ್ಯಂಜನಕ್ಕೆ ಗ್ರೀಕಿನಲ್ಲಿ ಸಾಟಿಯಿಲ್ಲ. ಹೊಸ ಒಡಂಬಡಿಕೆಯಲ್ಲೇ ಲೂಕನು ಬರೆದ ಇನ್ನೊಂದು ವಂಶಾವಳಿಯಿದೆ; ಅವನ ಗ್ರಂಥದ 3ನೆಯ ಅಧ್ಯಾಯದ 35ನೆಯ ವಚನದಲ್ಲಿ ಅಯಿನ್ ಇರುವ ಎರಡು ಹೆಸರುಗಳು ಹತ್ತಿರ ಹತ್ತಿರವೇ ಕುಳಿತಿವೆ: ಹೀಬ್ರೂವಿನ ರೆಊ ಅಲ್ಲಿ ‘ರಗೌ’ ಆಗಿದ್ದಾನೆ, ಏಬೆರನಾದರೋ ತನ್ನ ಮೊದಲ ವ್ಯಂಜನವನ್ನೇ ಕಳೆದುಕೊಂಡು ಬರಿಯ ಸ್ವರದಿಂದ ಆರಂಭವಾಗುತ್ತಾನೆ. ಒಂದೇ ಅಕ್ಷರ ಒಂದು ಕಡೆ ಗಕಾರ, ಇನ್ನೊಂದು ಕಡೆ ಶೂನ್ಯ. ಇದು ಬರೆದವನ ಅಜಾಗರೂಕತೆಯಲ್ಲ, ಹಳೆಯ ಗ್ರೀಕ್ ಅನುವಾದದಿಂದ ಬಂದ ರೂಪಗಳಿವು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಮೋಶೆಯ ಪಂಚಗ್ರಂಥಗಳನ್ನು ಗ್ರೀಕಿಗೆ ತಂದ ಅಲೆಕ್ಸಾಂಡ್ರಿಯದ ಯೆಹೂದ್ಯರಿಗೆ ಆ ಒಂದು ಅಕ್ಷರದೊಳಗೆ ಎರಡು ಬೇರೆ ಬೇರೆ ಧ್ವನಿಗಳು ಇನ್ನೂ ಕೇಳಿಸುತ್ತಿದ್ದವು. ಗಾಜಾ ಪಟ್ಟಣದ ಹೆಸರಿನ ಗಕಾರವೂ ಅದೇ ಹಳೆಯ ಉಚ್ಚಾರಣೆಯ ಪಳೆಯುಳಿಕೆ. ಹೀಬ್ರೂ ಲಿಪಿ ಬಚ್ಚಿಟ್ಟದ್ದನ್ನು ಗ್ರೀಕ್ ಹೀಗೆ ಬಯಲು ಮಾಡಿಬಿಟ್ಟಿದೆ.

ಇನ್ನು ವಿಭಕ್ತಿಯ ಪಾಡು. ಮತ್ತಾಯನು ‘ಇಸಾಕ್’, ‘ಯಾಕೋಬ್’ ಎಂಬ ಹೆಸರುಗಳಿಗೆ ಪ್ರತ್ಯಯ ಹಚ್ಚದೆ, ಮುಂದುಗಡೆ ‘ತೊನ್’ ಎಂಬ ಪುಟ್ಟ ಉಪಪದವನ್ನಿಟ್ಟು ಯಾರು ಯಾರನ್ನು ಪಡೆದರೆಂದು ತಿಳಿಸುತ್ತಾನೆ. ಯಾಕೋಬ್ ಎಂಬ ಅದೇ ಹೆಸರಿನ, ಯೇಸುವಿನ ಶಿಷ್ಯನು ಮಾತ್ರ ‘ಇಯಾಕೊಬೊಸ್’ ಆಗಿ ಗ್ರೀಕರ ಉಡುಪನ್ನೇ ತೊಟ್ಟಿದ್ದಾನೆ. ಕನ್ನಡ ಬೈಬಲ್ ಈ ಭೇದವನ್ನೆಣಿಸದೆ ಮೂಲಪಿತೃವನ್ನೂ ಶಿಷ್ಯನನ್ನೂ ಯಾಕೋಬನೆಂದೇ ಕರೆದು, ಬೇಕಾದಲ್ಲಿ ‘ಅನ್ನು’ ಸೇರಿಸಿ ಮುಂದೆ ನಡೆದಿದೆ. ಈ ಸಲೀಸುತನ ನನಗಂತೂ ಇಷ್ಟ.

ಯೆಹೋಶುವ ಮತ್ತು ಅದರ ಮೊಟಕು ರೂಪವಾದ ಯೇಶೂಅ ಎರಡೂ ಗ್ರೀಕಿನಲ್ಲಿ ‘ಇಯೇಸೂಸ್’. ಶಕಾರವು ಸಕಾರವಾಯಿತು, ಕೊನೆಯ ಅಯಿನ್ ಬಿದ್ದುಹೋಯಿತು, ತೆರವಾದ ಜಾಗದಲ್ಲಿ ಪ್ರಥಮಾ ವಿಭಕ್ತಿಯ ಸಕಾರ ಬಂದು ಕುಳಿತಿತು. ಲೂಕನ ವಂಶಾವಳಿಯು ಯೇಸುವಿನಿಂದ ಹೊರಟು ಹಿಂದಕ್ಕೆ ಆದಾಮನವರೆಗೆ ಏರುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ 29ನೆಯ ವಚನಕ್ಕೆ ಬಂದಾಗ ಪೂರ್ವಜರ ನಡುವೆ ಇನ್ನೊಬ್ಬ ಇಯೇಸೂಸ್ ಎದುರಾಗುತ್ತಾನೆ. ಈಚಿನ ಇಂಗ್ಲಿಷ್ ಅನುವಾದಗಳು ಅವನನ್ನು ಜೋಶುವಾ ಎಂದು ಬರೆದು ಬೇರೆಯಾಗಿಸುತ್ತವೆ. ಗ್ರೀಕ್ ಓದುಗನಿಗೆ ಆ ಅನುಕೂಲವಿರಲಿಲ್ಲ. ಎಲಿಯೆಜೆರನ ಮಗ, ಏರನ ತಂದೆ ಎಂಬುದರಿಂದಲೇ ಇವನು ಯಾವ ಇಯೇಸೂಸ್ ಎಂದು ಅವನು ಗುರುತು ಹಿಡಿಯಬೇಕಾಗಿತ್ತು.