ಬರಿಗಾಲಿಗೆ ನಿಷೇಧವಾಗಿರಲಿಲ್ಲ: ಶೈಲೆನ್ ಮನ್ನಾ ಸಂದೇಶದ ಬಗ್ಗೆ ಸ್ಪಷ್ಟನೆ

ಬಳ್ಳಾರಿಯ ಫುಟ್‌ಬಾಲ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಭಾರತ ಫುಟ್‌ಬಾಲ್ ತಂಡದ ಹಿಂದಿನ ನಾಯಕ ಶೈಲೆನ್ ಮನ್ನಾ ಅವರ ಫೋಟೊ ಓಡಾಡುತ್ತಿದೆ. ಕೌಲ್ ಬಜಾರಿನ ಹಿರಿಯರು ಅವರ ಫ್ರೀ ಕಿಕ್ ನೆನೆದು ಹಂಚುತ್ತಿದ್ದಾರೆ, ಸಂತೋಷ. ಆದರೆ ಅದರ ಕೆಳಗಿರುವ ‘ಬರಿಗಾಲಲ್ಲಿ ಆಡುತ್ತಾರೆಂದು 1950ರ ವಿಶ್ವಕಪ್‌ನಿಂದ ಭಾರತವನ್ನು ಫಿಫಾ ಹೊರಹಾಕಿತು’ ಎಂಬ ಸಾಲು ತಪ್ಪು.

ಭಾರತ ತಾನಾಗಿಯೇ ಹಿಂದೆ ಸರಿಯಿತು. ಅರ್ಹತಾ ಗುಂಪಿನ ಉಳಿದ ತಂಡಗಳು ಬಿಟ್ಟುಕೊಟ್ಟಿದ್ದರಿಂದ ನಮಗೆ ಆಡದೆಯೇ ಸ್ಥಾನ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಜೊತೆ ಗುಂಪೂ ನಿಗದಿಯಾಗಿತ್ತು. ಪ್ರಯಾಣ ವೆಚ್ಚದ ದೊಡ್ಡ ಪಾಲು ಹೊರಲು ಆತಿಥೇಯ ಬ್ರೆಜಿಲ್ ಮುಂದೆ ಬಂದಿತ್ತು. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲ ಎಂಬುದು ಆಗ ನಮ್ಮ ಫೆಡರೇಷನ್ ಕೊಟ್ಟ ಕಾರಣ. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಅವರಿಗೆ ಅಷ್ಟು ದೊಡ್ಡದಾಗಿಯೂ ಕಂಡಿರಲಿಲ್ಲ. ಬರಿಗಾಲಿನ ಮಾತು ಬರೀ ನೆಪ ಎಂದು ಮನ್ನಾ ಅವರೇ ಮುಂದೆ ಹೇಳಿದ್ದಾರೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬಹುತೇಕರು ಆಡಿದ್ದು ಬರಿಗಾಲಲ್ಲೇ, ಕೆಲವರು ಪಾದಕ್ಕೆ ಬಟ್ಟೆಪಟ್ಟಿ ಸುತ್ತಿಕೊಂಡು. ಯಾರೂ ತಡೆಯಲಿಲ್ಲ. ಫ್ರಾನ್ಸ್ ಎದುರು 2-1ರಿಂದ ಸೋತ ಆ ಪಂದ್ಯದಲ್ಲಿ ಮನ್ನಾ ಪೆನಾಲ್ಟಿಯೊಂದನ್ನು ಕೈಚೆಲ್ಲಿದರು. ನಮ್ಮ ಒಂದು ಗೋಲು ಬೆಂಗಳೂರಿನ ರಾಮನ್ ಅವರದು (ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ!). ಭಾರತದಲ್ಲಿ ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿದ ಮೇಲೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಕಳಿಸಬೇಡಿ, ಕಳಿಸಿದ್ದರೆ ಅಳಿಸಿ. ಫೋಟೊ ಹಾಕುವುದಾದರೆ ಹೀಗೆ ಬರೆಯಿರಿ: 1951ರ ದೆಹಲಿ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಇರಾನ್ ವಿರುದ್ಧ 1-0ರಿಂದ ಗೆದ್ದು ಚಿನ್ನ ತಂದ ನಾಯಕ.