ಯಾವ ಪೈಕಿ ಅಂತ ಕೇಳದ ಊರಿನಲ್ಲಿ

ಘಾನಾಕ್ಕೆ ಬಂದು ಇದು ಏಳನೇ ವರ್ಷ. ಅಕ್ರಾದ ಪಕ್ಕದ ತೇಮಾ ಬಂದರಿನಲ್ಲಿ ನನ್ನ ಕೆಲಸ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಅಸಾಂಟೆ ಜನರ ಹಳೆಯ ರಾಜಧಾನಿ ಕುಮಾಸಿ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಊಟಕ್ಕೆ ಕೂತಿದ್ದೆ. ಅಲ್ಲಿಲ್ಲದ ಒಬ್ಬ ಹುಡುಗನ ಮಾತು ಬಂತು. ಅವನ ಹೆಸರು ಘಾನಾದ ಉತ್ತರದವರ ಥರ, ಮಾತು ಅಸಾಂಟೆ ಜನರ ಥರ. "ಅವನ ಮನೆತನ ಮೂಲದಲ್ಲಿ ಎಲ್ಲಿಯದು?" ಅಂತ ಸುಮ್ನೆ ಕೇಳಿದೆ. ಅವರ ಕೈ ತಟ್ಟೆಯ ಮೇಲೇ ನಿಂತಿತು. "ಒಬಿ ನ್ಚೆರೆ ಒಬಿ ಅಸೆ" ಅಂದರು. ಟ್ವಿ ಭಾಷೆಯ ಗಾದೆ. ಒಬ್ಬರ ಬುಡವನ್ನು ಇನ್ನೊಬ್ಬರು ತೋರಿಸಬಾರದು ಅಂತ ಅರ್ಥ. ಅಸಾಂಟೆ ರಾಜ್ಯ ಕಟ್ಟಿದ ಒಸೆಯಿ ಟುಟುವಿನ ಕಾಲದಿಂದ ಬಂದ ಕಟ್ಟಳೆ ಇದು, ಅಂತ ಆಮೇಲೆ ವಿವರಿಸಿದರು.

ನನಗೆ ಮೈ ಬಿಸಿಯಾಯಿತು. ನಾನು ಬೆಳೆದದ್ದು ಉತ್ತರ ಕನ್ನಡದಲ್ಲಿ. ಹೊಸಬರು ಅಂಗಳಕ್ಕೆ ಬಂದರೆ ನೀರು ಕೊಡುವ ಮೊದಲೇ ಮೂರು ಪ್ರಶ್ನೆ. ಯಾವ ಊರು? ಯಾರ ಮನೆ? ಯಾವ ಪೈಕಿ? ಋಷಿಮೂಲ, ನದೀಮೂಲ ಹುಡುಕಬಾರದು ಅನ್ನುವ ಮಾತು ನಮ್ಮಲ್ಲೂ ಇದೆ. ಆದರೆ ಆ ರಿಯಾಯಿತಿ ಋಷಿಗೆ, ನದಿಗೆ ಮಾತ್ರ. ತೋಟದ ಕೆಲಸಕ್ಕೆ ಬಂದವನಿಗೆ ಇಲ್ಲ.

ಅಸಾಂಟೆ ಜನರಿಗೆ ಇಂಥ ಕಟ್ಟಳೆ ಯಾಕೆ ಬೇಕಾಯಿತು? ಉತ್ತರ ಅವರ ಚರಿತ್ರೆಯಲ್ಲೇ ಇದೆ. 1701ರಲ್ಲಿ ಡೆಂಚಿರಾ ಅನ್ನುವ ಪಕ್ಕದ ರಾಜ್ಯವನ್ನು ಸೋಲಿಸಿದ ಮೇಲೆ ಈ ರಾಜ್ಯ ಬೆಳೆಯುತ್ತಲೇ ಹೋಯಿತು. ಗೆದ್ದ ಕಡೆಯಿಂದೆಲ್ಲ ಸೆರೆಯಾಳುಗಳು ಬಂದರು. ಉತ್ತರದ ಸಂತೆಗಳಿಂದ ಕೊಂಡ ಆಳುಗಳೂ ಬಂದರು. ಟ್ವಿ ಭಾಷೆಯಲ್ಲಿ ಇವರಿಗೆ ಬೇರೆ ಬೇರೆ ಹೆಸರು. ಯುದ್ಧದಲ್ಲಿ ಸಿಕ್ಕವನು ದೊಮ್ಮುಮ್. ಕೊಂಡು ತಂದವನು ಒಡೊಂಕೊ. ಸಾಲಕ್ಕೆ ಒತ್ತೆಯಿಟ್ಟವನು ಅವೊವಾ. ಈ ಕೊನೆಯದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. ಅದು ಜೀತವೇ. ಅಪ್ಪನ ಸಾಲಕ್ಕೆ ಮಗ ದುಡಿಯುವುದು. ನಮ್ಮಲ್ಲಿ ಜೀತ ನಿಷೇಧದ ಕಾನೂನು ಬಂದದ್ದೇ 1976ರಲ್ಲಿ.

ಹೀಗೆ ಬಂದ ಆಳುಗಳು ಮನೆಯೊಳಗೇ ಬೆರೆತರು. ಮದುವೆಯಾದರು. ಅವರ ಮಕ್ಕಳು, ಮೊಮ್ಮಕ್ಕಳು ಯಜಮಾನನ ಕುಲದ ಹೆಸರಿನಲ್ಲೇ ಬೆಳೆದರು. ಯಾರ ಅಜ್ಜಿ ಎಲ್ಲಿಂದ ಬಂದಳು ಅಂತ ಕೆದಕಿದರೆ ಊರೇ ಒಡೆದುಹೋಗುತ್ತಿತ್ತು. ಅದಕ್ಕೇ ಆ ಬಾಯಿಕಟ್ಟು.

ಇಷ್ಟು ಹೇಳಿದರೆ ನಮ್ಮವರು ಕೆಲವರು ತಕ್ಷಣ ಒಂದು ಮಾತು ಎತ್ತುತ್ತಾರೆ. "ಅಂದರೆ ಅವರನ್ನು ಅವರೇ ಮಾರಿಕೊಂಡರು, ಯುರೋಪಿನವರದ್ದೇನು ತಪ್ಪು?" ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಸಾಂಟೆ ರಾಜರು ಸೆರೆಯಾಳುಗಳನ್ನು ಮಾರಿದರು, ನಿಜ. ಈಗಿನ ಬೆನಿನ್ ದೇಶದಲ್ಲಿದ್ದ ದಾಹೊಮೆ ರಾಜ್ಯದ ರಾಜ ಅಗಾಜ 1727ರಲ್ಲಿ ವಿದಾ ಬಂದರನ್ನು ಗೆದ್ದುಕೊಂಡ ಮೇಲೆ ಅವನ ವಂಶದವರೂ ಮಾರಿದರು, ಅದೂ ನಿಜ. ಆದರೆ ಮನೆಯಲ್ಲಿ ಆಳು ಇಟ್ಟುಕೊಳ್ಳುವುದು ಬೇರೆ. ಹಡಗಿಗೆ ತುಂಬಿ, ಮತ್ತೆಂದೂ ಬರದ ಹಾಗೆ ಸಮುದ್ರದಾಚೆ ಕಳಿಸುವುದು ಬೇರೆ. ಆ ಹಸಿವನ್ನು ತಂದವರು ಕೊಳ್ಳುವವರು. ಅವರು ಬಂದೂಕು, ಮದ್ದು ಕೊಟ್ಟರು. ಪಕ್ಕದ ರಾಜ್ಯದವರ ಕೈಯಲ್ಲಿ ಬಂದೂಕು ಇದ್ದು ನಿಮ್ಮಲ್ಲಿ ಇಲ್ಲದಿದ್ದರೆ ನಾಳೆ ಹಡಗು ಹತ್ತುವವರು ನೀವೇ. ಬಂದೂಕು ಬೇಕಾದರೆ ಜನರನ್ನು ಕೊಡಬೇಕು. ಜನ ಬೇಕಾದರೆ ಯುದ್ಧ ಮಾಡಬೇಕು. ಒಂದು ಸಲ ಈ ಗಾಣ ತಿರುಗಲು ಶುರುವಾದ ಮೇಲೆ ಇಳಿಯುವುದು ಸುಲಭ ಇರಲಿಲ್ಲ.

ಕಾಂಗೋದ ರಾಜ ಒಂದನೇ ಅಫೊನ್ಸೊ ಇಳಿಯಲು ನೋಡಿದ. ಅವನು ಕ್ರೈಸ್ತನಾಗಿದ್ದ, ಪೋರ್ಚುಗೀಸರ ಗೆಳೆಯ. 1526ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದು ಬೇಡಿಕೊಂಡ. ನಿಮ್ಮ ವ್ಯಾಪಾರಿಗಳು ನಮ್ಮ ಜನರನ್ನು, ದೊಡ್ಡ ಮನೆತನದ ಮಕ್ಕಳನ್ನು, ನನ್ನ ನೆಂಟರನ್ನೂ ಹಿಡಿದು ಒಯ್ಯುತ್ತಿದ್ದಾರೆ ಅಂತ. ವ್ಯಾಪಾರ ನಿಲ್ಲಲಿಲ್ಲ. ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಸುಮಾರು 1.25 ಕೋಟಿ ಜನರನ್ನು ಆಫ್ರಿಕಾದಿಂದ ಅಟ್ಲಾಂಟಿಕ್ ಹಡಗುಗಳಿಗೆ ಹತ್ತಿಸಿದರು. ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ಉಳಿದವರು ನಡುನೀರಿನಲ್ಲಿ ಹೋದರು.

ಇಲ್ಲಿನ ದುಡ್ಡಿನ ಹೆಸರು ಸೆಡಿ. ಟ್ವಿ ಸೇರುವ ಅಕಾನ್ ಭಾಷೆಯಲ್ಲಿ ಕವಡೆಗೆ ಇರುವ ಹೆಸರಿನಿಂದ ಬಂದದ್ದು. ನಮ್ಮ ಮಾಲ್ಡೀವ್ಸ್ ಸಮುದ್ರದ ಕವಡೆಯನ್ನೇ ಡಚ್ಚರು, ಇಂಗ್ಲಿಷರು ಯುರೋಪಿಗೆ ಸಾಗಿಸಿ, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ತಂದು, ವಿದಾದಂಥ ಬಂದರುಗಳಲ್ಲಿ ಜನರನ್ನು ಕೊಳ್ಳಲು ಬಳಸಿದರು. ಭಾರತದ ಹತ್ತಿಬಟ್ಟೆಯೂ ಇದೇ ಕೆಲಸಕ್ಕೆ ಬಂತು. ಕವಡೆ ಕಾಸಿನ ಬೆಲೆಯಿಲ್ಲ ಅಂತ ನನ್ನ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಈಗ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಊರಿಂದ ಯಾರೇ ಬಂದರೂ, ಹಡಗಿಗೆ ಹತ್ತಿಸುವ ಮೊದಲು ಜನರನ್ನು ಕೂಡಿಡುತ್ತಿದ್ದ ಕೇಪ್ ಕೋಸ್ಟ್ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಹೊರಗೆ ಬಿಳಿ ಸುಣ್ಣ, ಎದುರಿಗೆ ಸಮುದ್ರ, ದಡದಲ್ಲಿ ಬಣ್ಣಬಣ್ಣದ ಮೀನು ದೋಣಿಗಳು. ಒಳಗೆ ಗಂಡಸರನ್ನು ಕೂಡಿಟ್ಟ ನೆಲಮಾಳಿಗೆ. ಗಾಳಿ, ಬೆಳಕಿಗೆ ಮೇಲೆಲ್ಲೋ ಸಣ್ಣ ಕಿಂಡಿ. ಅದರ ನೆತ್ತಿಯ ಮೇಲೇ ಪ್ರಾರ್ಥನೆ ಮಾಡುವ ಜಾಗ. ಕಡೆಗೆ ಸಮುದ್ರಕ್ಕೆ ತೆರೆಯುವ ಒಂದು ಬಾಗಿಲು. ಮರಳಿ ಬಾರದವರ ಬಾಗಿಲು ಅಂತ ಅದರ ಹೆಸರು. ಕೋಟೆಯಲ್ಲಿ ಒಂದು ಕಲ್ಲಿನ ಫಲಕ ಇದೆ. ನಮ್ಮ ಹಿರಿಯರ ಸಂಕಟದ ನೆನಪಿಗೆ ಅಂತ ಶುರುವಾಗಿ, ಮನುಷ್ಯರು ಮನುಷ್ಯರಿಗೆ ಇಂಥ ಅನ್ಯಾಯ ಮತ್ತೆಂದೂ ಮಾಡದಿರಲಿ ಅಂತ ಬೇಡಿಕೊಂಡು, ಬದುಕಿರುವ ನಾವು ಇದನ್ನು ಕಾಪಾಡುತ್ತೇವೆ ಅನ್ನುವ ಆಣೆಯಲ್ಲಿ ಮುಗಿಯುತ್ತದೆ. ಕರೆದುಕೊಂಡು ಹೋದವರು ಯಾರೂ ವಾಪಸ್ಸು ಬರುವಾಗ ಕಾರಿನಲ್ಲಿ ಮಾತಾಡಿದ್ದಿಲ್ಲ.

ಬ್ರಿಟಿಷರು 1807ರಲ್ಲಿ ಈ ವ್ಯಾಪಾರ ನಿಲ್ಲಿಸಿದರು. ಆದರೆ ಹೋಗಲಿಲ್ಲ. 1874ರಲ್ಲಿ ಕುಮಾಸಿಯನ್ನು ಸುಟ್ಟು, ಅರಮನೆಯ ಚಿನ್ನ ಹೊತ್ತು, ಮೇಲೆ 50,000 ಔನ್ಸ್ ಚಿನ್ನದ ದಂಡ ಹಾಕಿದರು. 1896ರಲ್ಲಿ ರಾಜ ಪ್ರೆಂಪೆಯನ್ನು ಸೆರೆಹಿಡಿದರು. 1900ರಲ್ಲಿ ಗವರ್ನರ್ ಹಾಡ್ಜ್‌ಸನ್, ಆ ಜನರ ಜೀವವೇ ಆಗಿದ್ದ ಚಿನ್ನದ ಪೀಠವನ್ನು ತನಗೆ ಕೊಡಿ ಅಂದ. ಆಗ ಎಜಿಸು ಅನ್ನುವ ಅಸಾಂಟೆ ಊರಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೆ ನಿಂತಳು. ಪೀಠ ಬ್ರಿಟಿಷರ ಕೈಗೆ ಸಿಗಲಿಲ್ಲ. ಅವಳು 1921ರಲ್ಲಿ ಸೇಶೆಲ್ಸ್ ದ್ವೀಪದಲ್ಲಿ ಸೆರೆಯಲ್ಲೇ ತೀರಿಕೊಂಡಳು. ಇಲ್ಲಿನ ಮಕ್ಕಳಿಗೆ ಅವಳ ಕಥೆ ಹೇಳುವಾಗ ನಾನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು ತೀರಿಕೊಂಡ ಕಿತ್ತೂರು ಚೆನ್ನಮ್ಮನ ಕಥೆಯನ್ನೂ ಸೇರಿಸುತ್ತೇನೆ. ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಆ ಗಾದೆಯ ಮಾತಿಗೇ ಬರುತ್ತೇನೆ. ಅದರಲ್ಲಿ ಎಲ್ಲವೂ ಒಳ್ಳೆಯದೇ ಅಂತ ನಾನು ಹೇಳಲಾರೆ. ಆಸ್ತಿಯ ಜಗಳ, ಮುಖಂಡನ ಪಟ್ಟದ ಜಗಳ ಬಂದಾಗ ಹಳೆಯ ಪಿಸುಮಾತು ಹೊರಗೆ ಬರುತ್ತದೆ. ಬಾಯಿ ಮುಚ್ಚಿದ್ದರಿಂದ ಒಳಗಿನ ನೋವು ಹೇಳಿಕೊಳ್ಳಲು ಆಗದವರೂ ಇದ್ದಾರೆ. ಆದರೂ ದಿನದ ಬದುಕಿನಲ್ಲಿ ಅದು ಎಷ್ಟು ಜನರ ಮಾನ ಉಳಿಸಿದೆ ಅಂತ ಕಣ್ಣಾರೆ ನೋಡಿದ್ದೇನೆ.

ನಮ್ಮಲ್ಲಿ ಆಫ್ರಿಕಾದಿಂದ ಬಂದವರೇ ಇದ್ದಾರಲ್ವಾ? ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳು. ಇವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಶತಮಾನಗಳಿಂದ ನಮ್ಮ ನೆಲದಲ್ಲಿ ದುಡಿದಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನನ್ನ ಶಾಲೆಯ ಗೆಳೆಯನೊಬ್ಬ ಸಿದ್ದಿ. ನಮ್ಮ ಮನೆಗೆ ಬಂದರೆ ಅವನಿಗೆ ಚಾ ಅಂಗಳದಲ್ಲಿ, ಬೇರೆ ಲೋಟದಲ್ಲಿ. ನಾನು ಜಗಲಿಯ ಮೇಲೆ ಕೂತು ಕುಡಿಯುತ್ತಿದ್ದೆ. ಆಗ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಈಗಲೂ ಅವನನ್ನು "ಎಲ್ಲಿಯವನು, ಆಫ್ರಿಕಾದವನಾ?" ಅಂತ ಕೇಳುವವರಿದ್ದಾರೆ. ಅವನಿಗೆ ಕನ್ನಡ, ಕೊಂಕಣಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಹೋದ ವರ್ಷ ಊರಿಗೆ ಹೋದಾಗ ಅವನ ಜೊತೆ ತೆಗೆದ ಫೋಟೋ ನನ್ನ ಮೊಬೈಲಿನಲ್ಲಿದೆ. ಹಿಂದೆ ಅಡಿಕೆ ತೋಟ, ಇಬ್ಬರೂ ನಗುತ್ತಿದ್ದೇವೆ. ಮೊನ್ನೆ ಅದೇ ಕುಮಾಸಿಯ ಹಿರಿಯರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಬೆರಳಲ್ಲಿ ದೊಡ್ಡದು ಮಾಡಿ ಅವನ ಮುಖ ನೋಡಿದರು.

"ನಿಮ್ಮ ಗೆಳೆಯ ಎಲ್ಲಿಯವನು?" ಅಂದರು.

"ಯಲ್ಲಾಪುರ" ಅಂದೆ.

"ಓ, ನಿಮ್ಮೂರಿನವನೇ" ಅಂತ ಮೊಬೈಲು ವಾಪಸ್ಸು ಕೊಟ್ಟರು. ಎರಡನೇ ಪ್ರಶ್ನೆ ಕೇಳಲಿಲ್ಲ.