ಹಾರಲಾರದ ಚಿಟ್ಟೆ, ಊಜಿ ನೊಣ ಮತ್ತು ನಮ್ಮ ಚಿಕ್ಕಪ್ಪ

ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ, ಮನೆಯಲ್ಲಿ ರೇಷ್ಮೆಹುಳ ಸಾಕುತ್ತೇವೆ. ಮೊನ್ನೆ ಚಂದ್ರಿಕೆಯಿಂದ (ಹುಳ ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸುತ್ತಾ ಕೂತಿದ್ದಾಗ ಚಿಕ್ಕಪ್ಪ ಒಂದು ಗೂಡನ್ನು ಬೆಳಕಿಗೆ ಹಿಡಿದರು. "ಒಂದೇ ಎಳೆ, ಸಾವಿರ ಮೀಟರ್ ಹತ್ತಿರ ಬರುತ್ತೆ. ಇದು ತಾನಾಗೇ ಆಯ್ತು ಅಂತೀಯಲ್ಲೋ? ಮಾಡಿದವನು ಒಬ್ಬ ಇರಲೇಬೇಕು" ಅಂದರು. ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿದ್ದರು, ಪಾಪ.

ಗೂಡು ನೋಡಿದರೆ ನನಗೂ ಬೆರಗೇ. ಆದರೆ ಈ ಹುಳದ ಮಟ್ಟಿಗೆ ಕೈ ಹಾಕಿದವರು ಮನುಷ್ಯರು. ಇದರ ಕಾಡು ನೆಂಟ ಚೀನಾದಲ್ಲಿ ಇವತ್ತಿಗೂ ಹಾರುತ್ತದೆ. ಸಾವಿರಾರು ವರ್ಷ ಒಳ್ಳೆ ಗೂಡು ಕಟ್ಟಿದವನ್ನೇ ಬಿತ್ತನೆಗೆ ಇಟ್ಟುಕೊಂಡು ಬಂದರು. ಈಗ ನಮ್ಮ ಚಿಟ್ಟೆಗೆ ರೆಕ್ಕೆ ಇದೆ, ಹಾರೋಕೆ ಬರಲ್ಲ. ಹಾರದ ಚಿಟ್ಟೆ ಬೇಕು ಅಂತ ಯಾರೂ ನಕ್ಷೆ ಬರೆದಿರಲಿಲ್ಲ. ಡಾರ್ವಿನ್ ವಿಕಾಸವಾದದ ತಮ್ಮ 1859ರ ಪುಸ್ತಕವನ್ನು ಶುರು ಮಾಡಿದ್ದೂ ಹೀಗೇ, ಸಾಕಿದ ಪಾರಿವಾಳಗಳಿಂದ. ನಾವು ಆರಿಸುವ ಜಾಗದಲ್ಲಿ ಚಳಿ, ರೋಗ, ಶತ್ರು, ಹಸಿವನ್ನು ಇಟ್ಟು ನೋಡಿ ಅಂದರು, ಅಷ್ಟೇ.

"ಹಾಗಾದ್ರೆ ಊಜಿ ನೊಣ ಯಾರ ಡಿಸೈನು ಚಿಕ್ಕಪ್ಪಾ?" ಅಂದೆ. ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರೆದು ಹೋಗಿ ಜೀವಂತ ಹುಳವನ್ನೇ ತಿನ್ನುತ್ತೆ. ಇಂಥದೇ ಕಣಜಗಳನ್ನು ನೋಡಿ, ಕರುಣೆಯುಳ್ಳ ದೇವರು ಬೇಕಂತಲೇ ಇವನ್ನು ಮಾಡಿದ ಅಂತ ನಂಬಲಾರೆ ಎಂದು ಡಾರ್ವಿನ್ 1860ರಲ್ಲಿ ಗೆಳೆಯ ಏಸಾ ಗ್ರೇಗೆ ಬರೆದಿದ್ದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಅವನ ಇಚ್ಛೆನೇ" ಅಂದರು.

ನನಗೆ ತಕರಾರು ಇರೋದು ಇಲ್ಲೇ. ಏನು ಕೇಳಿದರೂ ಇದೇ ಉತ್ತರ ಸಾಕಾಗುತ್ತೆ ಅಂದ್ರೆ ಪರೀಕ್ಷೆ ಮಾಡೋದು ಏನನ್ನ? ಅಮೆರಿಕದ ಡೋವರ್ ಊರಿನ ಶಾಲಾ ಮಂಡಳಿ, ಮಾಡಿದವನು ಒಬ್ಬ ಇರಲೇಬೇಕು ಅನ್ನೋ ಇದೇ ವಾದವನ್ನು 'ಇಂಟೆಲಿಜೆಂಟ್ ಡಿಸೈನ್' ಹೆಸರಲ್ಲಿ ಜೀವಶಾಸ್ತ್ರದ ತರಗತಿಗೆ ತರೋಕೆ ಹೋಯಿತು. ಮಕ್ಕಳ ಅಪ್ಪ ಅಮ್ಮಂದಿರು ಕೋರ್ಟಿಗೆ ಹೋದರು. ಡಿಸೈನ್ ಪರ ಸಾಕ್ಷಿ ಹೇಳಿದ ವಿಜ್ಞಾನಿ ಮೈಕೆಲ್ ಬೀಹಿ, ತಮ್ಮ ವ್ಯಾಖ್ಯೆ ಹಿಡಿದರೆ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತ ಆಗುತ್ತೆ ಅಂತ ಕಟಕಟೆಯಲ್ಲೇ ಒಪ್ಪಿಕೊಂಡರು. (ನಮ್ಮ ಟೀವಿಯವರು ಕೇಳಿದ್ರೆ ಎಷ್ಟು ಖುಷಿ ಪಡ್ತಿದ್ರೋ!) 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ಇದು ವಿಜ್ಞಾನವಲ್ಲ ಅಂತ ತೀರ್ಪು ಕೊಟ್ಟರು. ಅವರನ್ನು ನೇಮಿಸಿದ್ದು ಧರ್ಮದ ಕಡೆ ಒಲವಿದ್ದ ಅಧ್ಯಕ್ಷ ಜಾರ್ಜ್ ಬುಷ್ ಅವರೇ.

ನಮ್ಮಲ್ಲಿ ಅಷ್ಟು ಜಗಳವೂ ಬೇಕಾಗಲಿಲ್ಲ. ದೇಶದ ಶಾಲಾ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆದುಬಿಟ್ಟಿತು. 2023ರಲ್ಲಿ 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬೇಡ ಅಂದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಅಂತಾರೆ. ಕಾಮರ್ಸ್ ತಗೊಂಡ ಮಗು ಅದನ್ನು ಯಾವಾಗ ಓದಬೇಕು?

ಚಾಕಿ (ಮರಿ ಹುಳ) ತಂದ ದಿನ ಅಮ್ಮ ಹುಳದ ಮನೆ ಬಾಗಿಲಿಗೆ ಪೂಜೆ ಮಾಡ್ತಾರೆ, ನಾನೂ ಕೈ ಮುಗಿಯುತ್ತೇನೆ. ಅದಕ್ಕೆ ಮುಂಚೆ ರೋಗ ಬಾರದಿರಲಿ ಅಂತ ಬ್ಲೀಚಿಂಗ್ ಪೌಡರ್ ಹೊಡೆದಿರುತ್ತೇವೆ. ಅಮ್ಮನಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ.

ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. "ವಾದ ಆಮೇಲೆ ಮಾಡು. ಕಿಟಕಿ ಪರದೆ ಹರಿದಿದೆ, ಮುಂದಿನ ಬೆಳೆಗೆ ಊಜಿ ಬರೋಕೆ ಮುಂಚೆ ಹೊಲಿ" ಅಂತ ಸೂಜಿ ಕೊಟ್ಟು ಹೋಗಿದ್ದಾರೆ.